ಗುರ್ ಅನ್ನುವ ನಾಯಿಗೆ ಹೊಡೆಯಬೇಡಿ

ಅನ್ನ ಹಾಕಿದಾಗ ಮೂರು ವರ್ಷದ ಮಗಳು ಹತ್ತಿರ ಹೋದರೆ ನಾಯಿ ಗುರ್ ಅನ್ನುತ್ತದೆ, ಹೊಡೆದರೂ ಬಿಟ್ಟಿಲ್ಲ ಅಂದಿರಿ. ಹೊಡೆತದಿಂದ ಗುರುಗುಟ್ಟುವುದು ನಿಲ್ಲಬಹುದು, ಸಿಟ್ಟು ನಿಲ್ಲುವುದಿಲ್ಲ. ಮುಂದಿನ ಸಲ ಸದ್ದಿಲ್ಲದೆ ನೇರ ಬಾಯಿ ಹಾಕಬಹುದು.

ಇವತ್ತೇ ಜಾಗ ಬೇರೆ ಮಾಡಿ. ಜಗಲಿ ಬಾಗಿಲಿಗೆ ನಾಯಿ ಹಾರಲಾಗದಷ್ಟು ಎತ್ತರದ ಗೇಟು ಸಾಕು, ಅಡಿಕೆ ದಬ್ಬೆಯದ್ದೂ ಆದೀತು. ಸಂದಿಯಲ್ಲಿ ಮಗುವಿನ ಕೈ ತೂರಬಾರದು, ಅಷ್ಟೆ. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟುವುದು ಪರಿಹಾರವಲ್ಲ: ಓಡಿಹೋಗಲಾಗದ ನಾಯಿ ಕಚ್ಚುವ ಸಾಧ್ಯತೆ ಹೆಚ್ಚು. ಊಟ ಗೇಟಿನ ಆಚೆ ಹಾಕಿ, ತಿಂದಾದ ಮೇಲೆ ತಟ್ಟೆ ಎತ್ತಿಡಿ.

ತಿನ್ನುವಾಗ ಜನ ಹತ್ತಿರ ಬಂದರೆ ಸಿಟ್ಟಾಗದ ಅಭ್ಯಾಸ ನಾಯಿಗೆ ದೊಡ್ಡವರೇ ಮಾಡಿಸಬೇಕು, ಮಗು ಬೇಡವೇ ಬೇಡ. ಎಂಟು ಹತ್ತಡಿ ದೂರದಿಂದ ಬೇಯಿಸಿದ ಮೊಟ್ಟೆಯ ಚೂರು ತಟ್ಟೆಯತ್ತ ಎಸೆದು ವಾಪಸ್ ಬನ್ನಿ. ಮೈ ಸೆಟೆದರೆ, ಕಣ್ಣಿನ ಬಿಳಿ ಕಂಡರೆ, ಗಬಗಬ ನುಂಗಿದರೆ ನೀವು ತೀರಾ ಹತ್ತಿರ ಇದ್ದೀರಿ. ನಿಮ್ಮನ್ನು ನೋಡಿ ಬಾಲ ಸಡಿಲವಾಗಿ ಆಡಿಸತೊಡಗಿದ ಮೇಲೆ ಅರ್ಧ ಅಡಿ ಮುಂದೆ. ವಾರಗಟ್ಟಲೆ ಹಿಡಿಯುತ್ತದೆ.

ಸಿಟ್ಟು ಇತ್ತೀಚೆಗೆ ಶುರುವಾಗಿದ್ದರೆ ಪಶುವೈದ್ಯರಿಗೆ ಕಿವಿ, ಹಲ್ಲು ತೋರಿಸಿ. ಶಿರಸಿ ಮಳೆಗಾಲದ ತೇವಕ್ಕೆ ಕಿವಿ ಸೋಂಕು ಜಾಸ್ತಿ. ನೋವಿದ್ದಾಗ ಯಾವ ತರಬೇತಿಯೂ ನಾಟುವುದಿಲ್ಲ.

ಹಲ್ಲು ತಾಗಿದರೆ, ಗೀರಾದರೂ ಸರಿ, ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ. ಅರಿಸಿನ, ಸುಣ್ಣ ಹಚ್ಚಬೇಡಿ. ನಾಯಿಗೆ ರೇಬೀಸ್ ಲಸಿಕೆ ಆಗಿದೆ ಅಂತ ಸುಮ್ಮನಿರಬೇಡಿ.