ಸೈಲೋ ಸಬ್‌ಗ್ರೂಪ್ ಎಷ್ಟಿವೆ ಅಂತ ಎಣಿಸಿದರೆ ಗ್ರೂಪ್‌ನ ರಚನೆ ಹೇಗೆ ಗೊತ್ತಾಗುತ್ತದೆ?

ಬದಿಯಡ್ಕದಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಎಂಎಸ್ಸಿ ಮಕ್ಕಳೂ ಇದನ್ನೇ ಕೇಳುತ್ತಾರೆ. ಸೈಲೋ ಥಿಯರಂ ಬಾಯಿಪಾಠ ಇರುತ್ತದೆ, ಆದರೆ ಎಣಿಸಿ ಏನು ಸಿಕ್ಕಿತು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ.

ಗ್ರೂಪ್ ಅಂದರೆ ಗುಣಿಸಲು ಬರುವ, ಪ್ರತಿಯೊಂದಕ್ಕೂ ಇನ್ವರ್ಸ್ ಇರುವ ಎಲಿಮೆಂಟ್‌ಗಳ ಗುಂಪು; ಅದರೊಳಗಿನ ಗ್ರೂಪ್ ಸಬ್‌ಗ್ರೂಪ್. ಗ್ರೂಪ್‌ನ ಗಾತ್ರವನ್ನು ಭಾಗಿಸುವ ಒಂದು ಅವಿಭಾಜ್ಯ ಸಂಖ್ಯೆಯ ಅತಿ ದೊಡ್ಡ ಘಾತದಷ್ಟು ಗಾತ್ರ ಇರುವ ಸಬ್‌ಗ್ರೂಪ್ ಆ ಸಂಖ್ಯೆಯ ಸೈಲೋ ಸಬ್‌ಗ್ರೂಪ್. 30 ಎಲಿಮೆಂಟ್ ಇರುವ ಯಾವುದಾದರೂ ಗ್ರೂಪ್ ತೆಗೆದುಕೊಳ್ಳಿ. ಥಿಯರಂ ಪ್ರಕಾರ ಅದರಲ್ಲಿ 5ರ ಸೈಲೋ ಸಬ್‌ಗ್ರೂಪ್‌ಗಳ ಸಂಖ್ಯೆ 6ನ್ನು (30 ÷ 5) ಭಾಗಿಸಬೇಕು, 5ರಿಂದ ಭಾಗಿಸಿದರೆ ಶೇಷ 1 ಬರಬೇಕು. ಅಂದರೆ 1 ಅಥವಾ 6. ಹಾಗೆಯೇ 3ರದ್ದು 1 ಅಥವಾ 10. ಈಗ 6 ಮತ್ತು 10 ಎರಡೂ ಒಟ್ಟಿಗೆ ಬಂತು ಅಂದುಕೊಳ್ಳಿ. 5 ಗಾತ್ರದ ಎರಡು ಬೇರೆ ಸಬ್‌ಗ್ರೂಪ್‌ಗಳ ನಡುವೆ ಐಡೆಂಟಿಟಿ (ಗುಣಿಸಿದರೆ ಏನೂ ಬದಲಾಗದ ಎಲಿಮೆಂಟ್) ಬಿಟ್ಟರೆ ಬೇರೇನೂ ಸಮಾನವಾಗಿ ಇರುವುದಿಲ್ಲ, ಹಾಗಾಗಿ ಅಲ್ಲೇ 24 ಎಲಿಮೆಂಟ್ ಆಯಿತು, 3ರ ಕಡೆಯಿಂದ ಇನ್ನೂ 20. ಒಟ್ಟು 44. ಇರುವುದೇ 30 ಅಲ್ವಾ, ಜಾಗ ಎಲ್ಲಿದೆ? ಆದ್ದರಿಂದ ಒಂದಾದರೂ ಒಂಟಿಯಾಗಿರಲೇಬೇಕು. ಕಾಂಜುಗೇಟ್ ಮಾಡಿದರೆ, ಅಂದರೆ ಒಂದು ಎಲಿಮೆಂಟ್ ಮತ್ತು ಅದರ ಇನ್ವರ್ಸ್ ನಡುವೆ ಇಟ್ಟು ಗುಣಿಸಿದರೆ, ಸೈಲೋ ಸಬ್‌ಗ್ರೂಪ್ ಇನ್ನೊಂದು ಸೈಲೋಗೇ ಹೋಗುತ್ತದೆ. ಒಂದೇ ಇದ್ದರೆ ತನ್ನಲ್ಲಿಗೇ ವಾಪಸ್ಸು ಬರಬೇಕು. ಹೀಗೆ ಯಾವ ಎಲಿಮೆಂಟ್‌ನಿಂದ ಕಾಂಜುಗೇಟ್ ಮಾಡಿದರೂ ತನ್ನಲ್ಲಿಗೇ ಬರುವುದೇ ನಾರ್ಮಲ್. ಗ್ರೂಪ್ ಯಾವುದು ಅಂತ ನೋಡದೆಯೇ ಅದು ಸಿಂಪಲ್ ಅಲ್ಲ, ಅಂದರೆ ಒಳಗೆ ಚಿಕ್ಕ ನಾರ್ಮಲ್ ಸಬ್‌ಗ್ರೂಪ್ ಇದೆ ಅಂತ ಹೇಳಿಬಿಟ್ಟೆವು!

ನನಗೆ ತುಂಬಾ ಇಷ್ಟವಾದದ್ದು ಎ5, ಐದು ವಸ್ತುಗಳ ಸಮ (ಈವನ್) ಪರ್ಮ್ಯುಟೇಷನ್‌ಗಳ ಗ್ರೂಪ್. ಅದರಲ್ಲಿ 60 ಎಲಿಮೆಂಟ್. 5ರ ಸೈಲೋ 6, 3ರದ್ದು 10, 2ರದ್ದು (ಗಾತ್ರ 4) 5. ಎಣಿಸಿ: 24, 20, 15, ಜೊತೆಗೆ ಐಡೆಂಟಿಟಿ. ಸರಿಯಾಗಿ 60, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದರೊಳಗೆ ಚಿಕ್ಕ ನಾರ್ಮಲ್ ಸಬ್‌ಗ್ರೂಪ್ ಒಂದಿದೆ ಅನ್ನಿ. ಅದರ ಗಾತ್ರವನ್ನು 5 ಭಾಗಿಸಿದರೆ ಆ 24 ಎಲಿಮೆಂಟೂ ಒಳಗೆ ಬರಬೇಕು, 3 ಭಾಗಿಸಿದರೆ ಆ 20. ಎರಡರಲ್ಲಿ ಯಾವುದೇ ಆದರೂ, ಗಾತ್ರ 60ನ್ನು ಭಾಗಿಸಬೇಕಾದ್ದರಿಂದ ಅದು 30 ಆಗಲೇಬೇಕು, ಆಗ ಎರಡೂ ಬರಬೇಕು, ಮತ್ತೆ ಅದೇ 44! ಎರಡೂ ಭಾಗಿಸದಿದ್ದರೆ ಗಾತ್ರ 2 ಅಥವಾ 4, ಆದರೆ 2 ಆರ್ಡರ್‌ನ (ತನ್ನಿಂದಲೇ ಗುಣಿಸಿದರೆ ಐಡೆಂಟಿಟಿ ಬರುವ) 15 ಎಲಿಮೆಂಟ್‌ಗಳೂ ಒಂದಕ್ಕೊಂದು ಕಾಂಜುಗೇಟ್, ಒಂದು ಬಂದರೆ ಎಲ್ಲವೂ ಬರಬೇಕು. ಅಲ್ಲೂ ಜಾಗ ಸಾಲದು. ಹಾಗಾಗಿ ಎ5 ಸಿಂಪಲ್.

ಇನ್ನೊಂದು ವಿಷಯ. 1872ರಲ್ಲಿ ಈ ಥಿಯರಂ ಪ್ರಕಟಿಸಿದ ಲುಡ್ವಿಗ್ ಸೈಲೋ 40 ವರ್ಷ ಶಾಲೆಯ ಮೇಷ್ಟ್ರಾಗಿದ್ದವರು, ನಾರ್ವೆಯ ಹಾಲ್ಡೆನ್‌ನಲ್ಲಿ. ಸ್ವೀಡನ್ ಅಂಚಿನ ಊರು ಅದು, ನಮ್ಮ ಕಾಸರಗೋಡಿನ ಹಾಗೆ ಗಡಿಯದ್ದೇ. ಮಕ್ಕಳಿಗೆ ಇದನ್ನು ಹೇಳದೆ ನಾನು ಪಾಠ ಶುರು ಮಾಡುವುದಿಲ್ಲ.

56 ಗಾತ್ರದ್ದನ್ನು ನೀವೇ ಮಾಡಿ ನೋಡಿ. 7ರಿಂದ ಶುರು ಮಾಡಿ, 8 ಸಬ್‌ಗ್ರೂಪ್ ಇದ್ದರೆ ಎಷ್ಟು ಎಲಿಮೆಂಟ್ ಉಳಿಯುತ್ತವೆ ಅಂತ ಎಣಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಕೆಳಗೆ ಬರೆಯಿರಿ.