ಅಮೆರಿಕದಿಂದ ಡಿವಿಡಿ ಪ್ಲೇಯರ್ ತರಿಸುವ ಮುನ್ನ

ಶಿವಮೊಗ್ಗದ ಸರ್ ಅವರಿಗೆ ನಮಸ್ಕಾರ. ಮುಂದಿನ ತಿಂಗಳು ಊರಿಗೆ ಬರುವ ಮಗಳ ಕೈಯಲ್ಲಿ ಅಲ್ಲಿಂದಲೇ ಮೂವತ್ತು ಡಾಲರಿನ ಪ್ಲೇಯರ್ ತರಿಸುತ್ತೇನೆ, ಅವಳು ಕೊಡಿಸಿದ ರೀಜನ್ 1 (ಅಮೆರಿಕದ ವಲಯಕ್ಕೆಂದೇ ಬೀಗ ಹಾಕಿದ) ಡಿಸ್ಕ್‌ಗಳು ಅದರಲ್ಲಿ ಓಡುತ್ತವೆ, ಲಂಡನ್ನಿನಿಂದ ಬಂದವೂ ನಮ್ಮ ಕನ್ನಡದವೂ ಹೇಗೂ ಓಡುತ್ತವೆ, ಪಿನ್ನಿಗೊಂದು ಅಡಾಪ್ಟರ್ ಸಿಕ್ಕಿಸಿದರಾಯಿತು ಎಂದು ನೀವು ನಮ್ಮ ಈ ಗುಂಪಿನಲ್ಲಿ ಬರೆದಿದ್ದೀರಿ. ಅದಕ್ಕೆ ಮೂವರು ಸದಸ್ಯರು ಸೈ ಎಂದಿರುವುದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ. ದಯವಿಟ್ಟು ತರಿಸಬೇಡಿ. ಇದೇ ಲೆಕ್ಕಾಚಾರದ ಮೇಲೆ 2006ರಲ್ಲಿ ನಾನು ತರಿಸಿದೆ, ಮತ್ತು ನನಗೆ ಬಂದ ಕಷ್ಟ ಒಂದಲ್ಲ, ಒಂದರ ಹಿಂದೆ ಒಂದರಂತೆ ಮೂರು.

ನನ್ನ ಭಾವಮೈದುನ ತಂದುಕೊಟ್ಟ ಆ ಪ್ಲೇಯರಿನ ಕಂಪನಿಯ ಹೆಸರು ಇಲ್ಲಿ ಬೇಡ, ಏಕೆಂದರೆ ತಪ್ಪು ನನ್ನದೇ ಆಗಿತ್ತು. ಅದರ ಬೆನ್ನಿನ ಮೇಲೆ, ವೈರು ಒಳಹೋಗುವ ಜಾಗದ ಪಕ್ಕದಲ್ಲಿ, ಸಣ್ಣ ಅಕ್ಷರಗಳಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಅದನ್ನು ಓದದೆ, ಪಿನ್ನಿಗೆ ಅಡಾಪ್ಟರ್ ಹಾಕಿ, ಗೋಡೆಯ ಸ್ವಿಚ್ ಒತ್ತಿದೆ. ಟಪ್ ಎಂಬ ಒಂದು ಸದ್ದು, ಅದರ ಹಿಂದೆಯೇ ಸುಟ್ಟ ವಾಸನೆ. ಮುಂಭಾಗದ ದೀಪ ಒಂದು ಕ್ಷಣವೂ ಹತ್ತಲಿಲ್ಲ. ರಿಪೇರಿಯವರು ಮುಚ್ಚಳ ಬಿಚ್ಚಿ ತೋರಿಸಿದಾಗ ಫ್ಯೂಸ್ ಕಪ್ಪಾಗಿತ್ತು, ವಿದ್ಯುತ್ತನ್ನು ಹಿಡಿದಿಡುವ ಹೆಬ್ಬೆರಳು ಗಾತ್ರದ ಕೆಪಾಸಿಟರಿನ ತಲೆ ಉಬ್ಬಿತ್ತು, ಅದರ ಮೈಮೇಲೆ 200 ವೋಲ್ಟ್ ಎಂದು ಅಚ್ಚಾಗಿತ್ತು. ನಮ್ಮ ಮನೆಯ 230 ವೋಲ್ಟ್ ಎಸಿಯು ಡಿಸಿಯಾಗಿ ಬದಲಾದಾಗ ಸುಮಾರು 325 ವೋಲ್ಟಿನವರೆಗೆ ಏರುತ್ತದೆ ಎಂದೂ, 120 ವೋಲ್ಟಿಗೆಂದು ಮಾಡಿದ ಬೋರ್ಡು ಅದನ್ನು ತಾಳುವುದು ಸಾಧ್ಯವೇ ಇಲ್ಲವೆಂದೂ ಅವರು ತಾಳ್ಮೆಯಿಂದ ವಿವರಿಸಿದರು. ಪಿನ್ನಿನ ಅಡಾಪ್ಟರ್ ಪಿನ್ನಿನ ಆಕಾರವನ್ನು ಮಾತ್ರ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ನಿಮ್ಮ ಬರಹಕ್ಕೆ ಸೈ ಎಂದ ಮೂವರೂ ಈ ಒಂದು ವಾಕ್ಯವನ್ನು ದಯವಿಟ್ಟು ಮತ್ತೊಮ್ಮೆ ಓದಬೇಕು. ತಿಳಿಯದ ವಿಷಯಕ್ಕೆ ಹೂಂಗುಟ್ಟಿದರೆ ಇನ್ನೊಬ್ಬರ ಮನೆಯಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು.

ರಿಪೇರಿಯ ನಂತರ, ವೋಲ್ಟೇಜನ್ನೇ ಇಳಿಸಿ ಕೊಡುವ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡೆ. ಅದನ್ನು ಕೊಳ್ಳುವವರು ಕೈಗೆ ಭಾರವಾಗಿರುವ, ನಿಜವಾದ ತಾಮ್ರದ ಸುರುಳಿಯಿರುವ ಪೆಟ್ಟಿಗೆಯನ್ನೇ ಕೊಳ್ಳಬೇಕು. ಪ್ರಯಾಣಕ್ಕೆಂದು ಮಾರುವ ಹಗುರವಾದ ಕನ್ವರ್ಟರುಗಳಲ್ಲಿ ಹಲವು ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರಗಳಂಥ ಬಿಸಿಯಾಗುವ ಸಾಮಾನುಗಳಿಗೆ ಮಾತ್ರ ಸರಿ. ಟ್ರಾನ್ಸ್‌ಫಾರ್ಮರ್ ಬಂದ ಮೇಲೆ ರೀಜನ್ 1 ಡಿಸ್ಕ್ ಓಡಿತು. ಲಂಡನ್ನಿನಿಂದ ಬಂದ ರೀಜನ್ 2 ಡಿಸ್ಕ್ ಹಾಕಿದೆ, ರೀಜನ್ ತಪ್ಪು ಎಂದಿತು. ವಾರಗಟ್ಟಲೆ ಹುಡುಕಿ ರಿಮೋಟಿನ ಗುಪ್ತ ಸಂಖ್ಯೆ ಕಂಡುಹಿಡಿದು ರೀಜನ್ ಬೀಗ ತೆಗೆದೆ. ಆಗಲೂ ಆ ಡಿಸ್ಕ್ ಓಡಲಿಲ್ಲ! ಏಕೆಂದರೆ ಅದು ಇಂಗ್ಲೆಂಡಿನ ಟಿವಿ ಚಿತ್ರ ಪದ್ಧತಿಯಾದ ಪಾಲ್‌ನ ಡಿಸ್ಕ್, ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಆ ಯಂತ್ರಕ್ಕೆ ಅಲ್ಲಿನ ಪದ್ಧತಿಯಾದ ಎನ್‌ಟಿಎಸ್‌ಸಿ ಬಿಟ್ಟು ಬೇರೆ ಭಾಷೆ ತಿಳಿಯದು. ನನ್ನ ಬಳಿಯಿದ್ದ ಪಾಲ್ ವಿಸಿಡಿಗಳದ್ದೂ (ಸಿಡಿಯಲ್ಲಿ ಬರುವ ಸಿನಿಮಾ) ಅದೇ ಗತಿಯಾಯಿತು.

ರೀಜನ್ ಬೇರೆ, ಪಾಲ್ ಮತ್ತು ಎನ್‌ಟಿಎಸ್‌ಸಿ ಬೇರೆ ಎಂಬುದನ್ನು ಈ ಗುಂಪಿನಲ್ಲಿ ಹತ್ತು ಸಲ ಬರೆದಿದ್ದರೂ ಇಬ್ಬರಲ್ಲಿ ಒಬ್ಬರು ಇನ್ನೂ ಕಲಸಿಕೊಳ್ಳುತ್ತಾರೆ. ಇಂಗ್ಲೆಂಡ್ ಮತ್ತು ಜಪಾನ್ ಎರಡೂ ರೀಜನ್ 2, ಆದರೆ ಇಂಗ್ಲೆಂಡಿನದು 576 ಗೆರೆಗಳ ಪಾಲ್, ಜಪಾನಿನದು 480 ಗೆರೆಗಳ ಎನ್‌ಟಿಎಸ್‌ಸಿ. ನಮ್ಮ ದೇಶ ರೀಜನ್ 5, ನಮ್ಮ ಹಳೆಯ ಟಿವಿ ಪ್ರಸಾರ ಪಾಲ್ ಆಗಿತ್ತು, ಆದರೂ ನಮ್ಮ ಸಿನಿಮಾ ಡಿವಿಡಿಗಳಲ್ಲಿ ಬಹಳಷ್ಟು ಹೊರದೇಶದ ಗಿರಾಕಿಗಳನ್ನು ನೋಡಿಕೊಂಡು ಎಲ್ಲ ರೀಜನ್‌ಗೂ ತೆರೆದ ಎನ್‌ಟಿಎಸ್‌ಸಿ ಡಿಸ್ಕ್‌ಗಳಾಗಿಯೇ ಬಂದಿವೆ. ಆದ್ದರಿಂದ ರೀಜನ್ ಇಲ್ಲದ ಪಾಲ್ ಡಿಸ್ಕ್ ನಿಮ್ಮ ಅಮೆರಿಕದ ಪ್ಲೇಯರಿನಲ್ಲಿ ಓಡದಿರಬಹುದು, ರೀಜನ್ ಇರುವ ಎನ್‌ಟಿಎಸ್‌ಸಿ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದಿರಬಹುದು. ಡಬ್ಬಿಯ ಹಿಂಬದಿಯಲ್ಲಿ ಭೂಗೋಳದ ಚಿತ್ರದೊಳಗಿನ ಅಂಕಿಯನ್ನೂ ನೋಡಿ, ಅದರ ಪಕ್ಕದ ಪಾಲ್ ಅಥವಾ ಎನ್‌ಟಿಎಸ್‌ಸಿ ಎಂಬ ಮಾತನ್ನೂ ನೋಡಿ.

ಹಾಗಾದರೆ ಏನು ಕೊಳ್ಳಬೇಕು? ಇಲ್ಲಿನ ಮಾರುಕಟ್ಟೆಗೆಂದೇ ಬಂದ, ಎಚ್‌ಡಿಎಂಐ (ಹೊಸ ಟಿವಿಗೆ ಒಂದೇ ವೈರಿನಲ್ಲಿ ಚಿತ್ರ, ಧ್ವನಿ ಕಳುಹಿಸುವ ಕಿಂಡಿ) ಇರುವ, ಹಳೆಯ ಫಿಲಿಪ್ಸ್ ಅಥವಾ ಎಲ್‌ಜಿ ಪ್ಲೇಯರನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಳ್ಳಿ ಎಂಬುದೇ ನನ್ನ ಖಚಿತ ಸಲಹೆ. ನನ್ನದನ್ನು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ 1,200 ರೂಪಾಯಿಗೆ ಕೊಂಡೆ, ಇಂದಿಗೂ ಓಡುತ್ತಿದೆ. ಫಿಲಿಪ್ಸ್‌ನ ಡಿವಿಪಿ ಎಂದು ಹೆಸರು ಶುರುವಾಗುವ ಹಲವು ಮಾದರಿಗಳಲ್ಲಿ ಸೆಟಪ್‌ಗೆ ಹೋಗಿ, ಪ್ರಿಫರೆನ್ಸ್ ಪುಟದ ಮೇಲೆ ನಿಂತು 138931 ಎಂದು ಒತ್ತಿದರೆ ರೀಜನ್ ಅಂಕಿ ತೆರೆಯ ಮೇಲೆ ಬರುತ್ತದೆ, ಮೇಲೆ ಕೆಳಗೆ ಬಾಣಗಳಿಂದ ಅದನ್ನು ಬದಲಿಸಬಹುದು. ಎಲ್‌ಜಿಯ ಹಲವು ಮಾದರಿಗಳಿಗೆ 314159, ಅಂದರೆ ಶಾಲೆಯಲ್ಲಿ ಕಲಿತ ಪೈ ಬೆಲೆಯ ಮೊದಲ ಆರು ಅಂಕಿಗಳು. ಆದರೆ ಮಾದರಿ ಸಂಖ್ಯೆಯಲ್ಲಿ ಒಂದು ಅಕ್ಷರ ಬೇರೆಯಾದರೂ ಕ್ರಮ ಬದಲಾಗಬಹುದಾದ್ದರಿಂದ ಕೊಳ್ಳುವ ಮೊದಲೇ ಬೆನ್ನಿನ ಪೂರ್ತಿ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹುಡುಕಿ. ಸೋನಿ ಪ್ಲೇಯರ್ ತೋರಿಸುವ ಚಿತ್ರದ ಗುಣಮಟ್ಟದ ಬಗ್ಗೆ ನನಗೆ ಗೌರವವಿದೆ, ಆದರೆ ಅದರ ಬಹಳಷ್ಟು ಮಾದರಿಗಳ ಬೀಗ ರಿಮೋಟಿನ ಅಂಕಿಗಳಿಂದ ಬಿಡುವುದಿಲ್ಲವಾದ್ದರಿಂದ ನಿಮ್ಮ ಕೆಲಸಕ್ಕೆ ಅದು ಒದಗದು.

ಮೂಲ ರಿಮೋಟ್ ಇಲ್ಲದ ಪ್ಲೇಯರನ್ನು ಐನೂರಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಎಲ್ಲದಕ್ಕೂ ಹೊಂದುವ ರಿಮೋಟ್ ಎಂದು ಅಂಗಡಿಯವರು ಕೊಡುವುದರಲ್ಲಿ ಪ್ಲೇ, ಸ್ಟಾಪ್, ವಾಲ್ಯೂಮ್ ಇರುತ್ತವೆ. ಗುಪ್ತ ಸಂಖ್ಯೆ ಒತ್ತಲು ಬೇಕಾದ ಸೆಟಪ್ ಗುಂಡಿಯೇ ಎಷ್ಟೋ ಸಲ ಇರುವುದಿಲ್ಲ.

ಈಗ ನನ್ನ ಮೂರು ಡಿಸ್ಕ್ ಪರೀಕ್ಷೆಯ ವಿಷಯ. ಅಂಗಡಿಗೆ ಹೋಗುವಾಗ ಬಟ್ಟೆಚೀಲದಲ್ಲಿ ಮೂರು ಡಿಸ್ಕ್ ಇಟ್ಟುಕೊಂಡೇ ಹೋಗುತ್ತೇನೆ, ಅವು ಓಡುವವರೆಗೆ ಹಣ ಕೊಡುವುದಿಲ್ಲ. ಮೊದಲನೆಯದು ರೀಜನ್ 1ರ ಡ್ಯುಯಲ್ ಲೇಯರ್ ಡಿಸ್ಕ್, ಅಂದರೆ ಎರಡು ಪದರಗಳ 8.5 ಜಿಬಿಯದು. ಅದನ್ನು ಹಾಕಿ ನೇರವಾಗಿ ಕೊನೆಯ ಅಧ್ಯಾಯಕ್ಕೆ ಹಾರುತ್ತೇನೆ, ಏಕೆಂದರೆ ಸವೆದ ಲೇಸರ್ ಮೊದಲ ಪದರವನ್ನು ಸಲೀಸಾಗಿ ಓದಿ ಎರಡನೆಯ ಪದರಕ್ಕೆ ಬಂದಾಗ ಕೈಕೊಡುತ್ತದೆ, ಮತ್ತು ಆ ಸತ್ಯ ನಿಮಗೆ ಮನೆಯಲ್ಲಿ ಅರ್ಧ ಸಿನಿಮಾ ಮುಗಿದ ಮೇಲೆ ತಿಳಿಯುತ್ತದೆ. ಎರಡನೆಯದು ಇಂಗ್ಲೆಂಡಿನ ರೀಜನ್ 2 ಪಾಲ್ ಡಿಸ್ಕ್. ಅದರಲ್ಲಿ ಕ್ಯಾಮೆರಾ ನಿಧಾನವಾಗಿ ಎಡದಿಂದ ಬಲಕ್ಕೆ ಸಾಗುವ ಒಂದು ದೃಶ್ಯವನ್ನು ಮೊದಲೇ ಗುರುತು ಮಾಡಿಟ್ಟುಕೊಂಡಿದ್ದೇನೆ: ಬೇಲಿಯ ಕಂಬಗಳು ಒಂದೊಂದಾಗಿ ತೆರೆಯನ್ನು ದಾಟಿ ಹೋಗುತ್ತವೆ. ಪ್ಲೇಯರ್ ಪಾಲನ್ನು ಹಾಗೆಯೇ ಹೊರಗೆ ಕಳುಹಿಸುತ್ತಿದ್ದರೆ ಕಂಬಗಳು ನೀರಿನಲ್ಲಿ ತೇಲಿದಂತೆ ಸಾಗುತ್ತವೆ. ಸೆಕೆಂಡಿಗೆ 25 ಚಿತ್ರಗಳ ಪಾಲನ್ನು ಎನ್‌ಟಿಎಸ್‌ಸಿಯ 29.97ಕ್ಕೆ ಬಲವಂತವಾಗಿ ಎಳೆಯುತ್ತಿದ್ದರೆ ಪ್ರತಿ ಕಂಬವೂ ಎಡವಿ ಎಡವಿ ನಡೆಯುತ್ತದೆ. ನಿಂತ ದೃಶ್ಯದಲ್ಲಿ, ಮುಖದ ಹತ್ತಿರದ ಚಿತ್ರದಲ್ಲಿ, ಈ ದೋಷ ಎಂದಿಗೂ ಕಾಣುವುದಿಲ್ಲ, ಅಂಗಡಿಯವರು ತೋರಿಸುವುದೂ ಸಾಮಾನ್ಯವಾಗಿ ಅಂಥ ದೃಶ್ಯವನ್ನೇ. ಮೂರನೆಯದು ಒಂದು ಹಳೆಯ ಕನ್ನಡ ವಿಸಿಡಿ. ಡಿವಿಡಿ ಓದುವುದು 650 ನ್ಯಾನೋಮೀಟರಿನ ಕೆಂಪು ಲೇಸರ್, ಸಿಡಿ ಮತ್ತು ವಿಸಿಡಿಗೆ 780 ನ್ಯಾನೋಮೀಟರಿನ ಇನ್ನೊಂದು ಲೇಸರ್; ಒಂದು ಚೆನ್ನಾಗಿದ್ದು ಇನ್ನೊಂದು ಸತ್ತಿರುವ ಪ್ಲೇಯರುಗಳನ್ನು ನಾನೇ ಕೈಯಾರೆ ಎರಡು ಸಲ ಹಿಂದಿರುಗಿಸಿದ್ದೇನೆ. ನಮ್ಮಂಥವರ ಕಪಾಟಿನಲ್ಲಿ ಡಿವಿಡಿಯಾಗಿ ಎಂದೂ ಬಾರದ ಎಷ್ಟೋ ಕನ್ನಡ ಚಿತ್ರಗಳು ವಿಸಿಡಿಯಲ್ಲಿ ಮಾತ್ರ ಉಳಿದಿರುವುದರಿಂದ ಈ ಮೂರನೆಯ ಪರೀಕ್ಷೆಯನ್ನು ಬಿಡಲೇಬಾರದು.

ಪರೀಕ್ಷೆಗೆ ಮುನ್ನ ಸೆಟಪ್‌ನಲ್ಲಿ ಟಿವಿ ವ್ಯವಸ್ಥೆಯನ್ನು ಪಾಲ್ ಎಂದು ಬಿಡದೆ ಮಲ್ಟಿ ಅಥವಾ ಆಟೋಗೆ ಬದಲಿಸಿ. ನಮ್ಮಲ್ಲಿ ಮಾರುವ ಟಿವಿಗಳು ಪಾಲ್, ಎನ್‌ಟಿಎಸ್‌ಸಿ ಎರಡನ್ನೂ ಒಪ್ಪಿಕೊಳ್ಳುತ್ತವೆ, ಆದ್ದರಿಂದ ಪರಿವರ್ತನೆಯ ಅಗತ್ಯವೇ ಇಲ್ಲ. ಎಚ್‌ಡಿಎಂಐಯಲ್ಲಿ 1080 ಗೆರೆ ಎಂದು ಆರಿಸಿ ಹೆಮ್ಮೆಪಡುವವರೂ ಗಮನಿಸಿ: ಕೆಲವು ಅಗ್ಗದ ಪ್ಲೇಯರುಗಳು ಆ ಆಯ್ಕೆಯಲ್ಲಿ ಎಲ್ಲವನ್ನೂ ಎನ್‌ಟಿಎಸ್‌ಸಿಯ 60 ಹರ್ಟ್ಸಿಗೆ ತಿರುಗಿಸಿ ಪಾಲ್ ಡಿಸ್ಕಿನ ಚಲನೆಯನ್ನು ಹಾಳುಮಾಡುತ್ತವೆ. ಹಾಗಾದರೆ 576ಕ್ಕೆ ಇಳಿಸಿ, ಹಿಗ್ಗಿಸುವ ಕೆಲಸವನ್ನು ಟಿವಿಗೆ ಬಿಡಿ. ಇದಕ್ಕೆ ಪ್ರತಿಯಾಗಿ ಯಾರಾದರೂ ಇಲ್ಲಿಂದ ಪ್ಲೇಯರನ್ನು ಅಮೆರಿಕದ ಮಕ್ಕಳಿಗೆ ಕಳುಹಿಸುವುದಾದರೆ, ಅಲ್ಲಿನ ಅನೇಕ ಟಿವಿಗಳು ಪಾಲ್‌ನ 50 ಹರ್ಟ್ಸನ್ನು ಒಪ್ಪುವುದಿಲ್ಲವಾದ್ದರಿಂದ, ಪರಿವರ್ತನೆ ಮಾಡುವ ಪ್ಲೇಯರೇ ಬೇಕಾಗುತ್ತದೆ.

ಇನ್ನೊಂದು ಮಾತು, ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಡಬ್ಬಿಯ ಮೇಲೆ ಆಲ್ ರೀಜನ್ ಎಂಬ ಚೀಟಿ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಶಾಶ್ವತವಾಗಿ 0ಗೆ, ಅಂದರೆ ಯಾವ ರೀಜನ್ ಆದರೂ ಸರಿ ಎಂಬುದಕ್ಕೆ, ಕೂರಿಸಿದ ಪ್ಲೇಯರಿಗಿಂತ ನಾವೇ 1, 2, 5 ಎಂದು ಆರಿಸಬಹುದಾದ ಪ್ಲೇಯರ್ ಮೇಲು. 2000ದಿಂದ ಈಚೆಗೆ ಕೆಲವು ರೀಜನ್ 1 ಡಿಸ್ಕ್‌ಗಳಲ್ಲಿ ಆರ್‌ಸಿಇ ಎಂಬ ಹೆಚ್ಚಿನ ತಪಾಸಣೆ ಸೇರಿಸಲಾಯಿತು; ಪ್ಲೇಯರ್ 0ಯಲ್ಲಿದ್ದರೆ ಅಂಥ ಡಿಸ್ಕ್ ಪ್ರಪಂಚದ ಭೂಪಟವನ್ನು ತೋರಿಸಿ ಅಲ್ಲಿಯೇ ನಿಂತುಬಿಡುತ್ತದೆ. ಆಗ ಡಿಸ್ಕ್ ಕೆಟ್ಟಿದೆ ಎಂದು ಎಸೆಯಬೇಡಿ, ರೀಜನನ್ನು 1ಕ್ಕೆ ಇಟ್ಟು ಮತ್ತೆ ಹಾಕಿ. ಮಗಳು ಕೊಡಿಸಿದ ಡಿಸ್ಕ್‌ಗಳಲ್ಲಿ ಒಂದೆರಡಾದರೂ ಹೀಗೆ ಮಾಡುವ ಸಾಧ್ಯತೆ ಇದೆ.

ಫರ್ಮ್‌ವೇರ್ (ಪ್ಲೇಯರಿನೊಳಗಿನ ಸಾಫ್ಟ್‌ವೇರ್) ಬದಲಿಸಿ ರೀಜನ್ ತೆಗೆಯಿರಿ ಎಂದು ಕೆಳಗೆ ಒಬ್ಬರು ಸಲಹೆ ಕೊಟ್ಟಿದ್ದಾರೆ. ರಿಮೋಟಿನಿಂದ ಆಗುವ ಕೆಲಸಕ್ಕೆ ಆ ಅಪಾಯ ಏಕೆ? ಹೊಸ ಫರ್ಮ್‌ವೇರ್ ಒಳಹೋಗುತ್ತಿರುವಾಗ ಕರೆಂಟು ಹೋದರೆ ಪ್ಲೇಯರ್ ಮತ್ತೆ ಏಳುವುದಿಲ್ಲ, ಮಳೆಗಾಲದ ಮಲೆನಾಡಿನಲ್ಲಿ ಕರೆಂಟಿನ ಭರವಸೆ ಎಷ್ಟೆಂಬುದು ನಿಮಗೇ ಗೊತ್ತು. ಮಾಡಲೇಬೇಕೆಂದಿದ್ದರೆ ಯುಪಿಎಸ್ ಮೇಲೆ ಮಾಡಿ, ಅಕ್ಷರಶಃ ಅದೇ ಮಾದರಿಯ ಫೈಲನ್ನೇ ಬಳಸಿ. ಕಂಪ್ಯೂಟರಿನ ಡ್ರೈವಿನಲ್ಲಿ ನೋಡುತ್ತೇನೆ ಎನ್ನುವವರು ರೀಜನ್ ಬದಲಿಸುವ ಅವಕಾಶ ಐದೇ ಸಲ ಎಂಬುದನ್ನು ನೆನಪಿಡಬೇಕು. ಆ ಎಣಿಕೆ ಇರುವುದು ಡ್ರೈವಿನೊಳಗೆ, ವಿಂಡೋಸ್ ಮತ್ತೆ ಹಾಕಿದರೂ ಅದು ಹಿಂದಕ್ಕೆ ಬರುವುದಿಲ್ಲ. ಬ್ಲೂ-ರೇ ಪ್ಲೇಯರ್ ಕೊಂಡರೆ ಎಲ್ಲ ತೊಂದರೆಯೂ ತೀರುತ್ತದೆ ಎಂಬುದೂ ಪೂರ್ತಿ ಸರಿಯಲ್ಲ: ಅದಕ್ಕೆ ಎ, ಬಿ, ಸಿ ಎಂಬ ಬೇರೆಯೇ ವಲಯಗಳಿವೆ, ಅಮೆರಿಕ ಎ, ನಾವು ಸಿ, ಮತ್ತು ಡಿವಿಡಿಯ ಬೀಗ ತೆಗೆದರೆ ಬ್ಲೂ-ರೇಯ ಬೀಗ ತಾನಾಗಿ ಬಿಡುವುದಿಲ್ಲ.

ಹಳೆಯ ಪ್ಲೇಯರಿನ ಟ್ರೇ ಅರ್ಧಕ್ಕೆ ನಿಂತರೆ ಗಾಬರಿಯಾಗಬೇಡಿ, ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ, ಅದನ್ನು ಬದಲಿಸುವುದು ಅರ್ಧ ಗಂಟೆಯ ಕೆಲಸ. ಅದನ್ನೇ ನೆಪವಾಗಿಸಿ ಬೆಲೆ ಇಳಿಸಿ. ನಿಮ್ಮ ಊರಿನ ಮಳೆಯಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆಯಾದರೂ ಒಂದು ಡಿಸ್ಕನ್ನು ಪೂರ್ತಿ ಓಡಿಸಿ. ಒಳಗಿನ ಬಿಸಿಯೇ ತೇವವನ್ನು ಆರಿಸುತ್ತದೆ. ಡಿಸ್ಕ್ ಒರೆಸುವಾಗ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತು ಹಾಕಿ ಉಜ್ಜಬೇಡಿ.

ಮಗಳಿಗೆ ಇಂದೇ ಫೋನ್ ಮಾಡಿ, ಆ ಮೂವತ್ತು ಡಾಲರಿಗೆ ನಿಮಗೆ ಬೇಕಾದ ಇನ್ನೆರಡು ಡಿಸ್ಕ್ ತರಲು ಹೇಳಿ. ಪ್ಲೇಯರನ್ನು ಈಗಾಗಲೇ ಕೊಂಡುಬಿಟ್ಟಿದ್ದರೆ ಅದರ ಬೆನ್ನಿನ ಚೀಟಿಯ ಫೋಟೋ ತೆಗೆಸಿ ಇಲ್ಲಿ ಹಾಕಿ. ಅದರಲ್ಲಿ 100–240 ವೋಲ್ಟ್ ಎಂದಿದ್ದರೆ ಮೂರು ಕಷ್ಟಗಳಲ್ಲಿ ಒಂದಾದರೂ ಇಲ್ಲವೆಂದಾಯಿತು, ಉಳಿದ ಎರಡನ್ನು ಮಾದರಿ ಸಂಖ್ಯೆ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಡಿ.