ಅಪ್ಪನ ಎಡಚ, ನನ್ನ ಫೆಡರರ್, ಆರು ಗಂಟೆಯ ಬಸ್ಸು

ನಿಮ್ಮ ಪ್ರಶ್ನೆ: "ಇವನ ಕಥೆ ಮುಗೀತು ಅಂದುಕೊಂಡಿದ್ದ ನಿಮ್ಮ ಮೆಚ್ಚಿನ ಟೆನಿಸ್ ಆಟಗಾರ ಎದ್ದು ಬಂದು ಗೆದ್ದ ಟೂರ್ನಿ ಯಾವುದು? ಅವತ್ತು ನೀವು ಎಲ್ಲಿದ್ರಿ?"

ಕೊಡಗಿನ ನಮ್ಮ ರೋಹನ್ ಬೋಪಣ್ಣ ಹೆಸರು ಬರೆದರೆ ಯಾರೂ ಬೇಡ ಅನ್ನಲ್ಲ. 2024ರಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ನಾನೂ ಸೋಫಾದಿಂದ ಎದ್ದು ಕುಣಿದವನೇ. ಆದರೆ ಸುಳ್ಳು ಹೇಳಬಾರದು. ನನ್ನ ಉತ್ತರ 2017ರ ಆಸ್ಟ್ರೇಲಿಯನ್ ಓಪನ್, ರೋಜರ್ ಫೆಡರರ್. ಅವತ್ತು ನಾನು ಹಾಸನದ ಮನೆಯಲ್ಲಿ ಅಪ್ಪನ ಪಕ್ಕ ಕೂತು, ಗೊತ್ತಿದ್ದೂ ಗೊತ್ತಿದ್ದೂ ಬೆಂಗಳೂರಿನ ಬಸ್ ತಪ್ಪಿಸಿಕೊಳ್ತಿದ್ದೆ.

ಅದಕ್ಕೂ ಹಿಂದಿನ ವರ್ಷ ಏನಾಗಿತ್ತು ಅಂತ ಮೊದಲು ಹೇಳ್ತೀನಿ. 2016ರ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ನಲ್ಲಿ, ಮೆಲ್ಬರ್ನ್‌ನಲ್ಲಿ, ಫೆಡರರ್ ಜೊಕೊವಿಚ್‌ಗೆ ಸೋತ. ಮಾರನೇ ದಿನ ಅವಳಿ ಹೆಣ್ಣುಮಕ್ಕಳಿಗೆ ಸ್ನಾನಕ್ಕೆ ನೀರು ಬಿಡುವಾಗ ಮಂಡಿ ತಿರುಚಿಕೊಂಡ. ಹದಿನೇಳು ಗ್ರ್ಯಾಂಡ್‌ಸ್ಲಾಮ್ (ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಿಗೆ ಆ ಹೆಸರು) ಗೆದ್ದ ಕಾಲು, ಕೈಕೊಟ್ಟಿದ್ದು ಬಚ್ಚಲುಮನೆಯಲ್ಲಿ! ಮಂಡಿಗೆ ಆಪರೇಷನ್ ಆಯಿತು. ಮತ್ತೆ ಬಂದ, ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ರಾವ್ನಿಚ್ ಎದುರು ಐದನೇ ಸೆಟ್‌ನಲ್ಲಿ ಮುಗ್ಗರಿಸಿ ಹುಲ್ಲಿನ ಮೇಲೆ ಮಕಾಡೆ ಬಿದ್ದ. ಅದಾದ ಮೇಲೆ ಆರು ತಿಂಗಳು ಆಡಲೇ ಇಲ್ಲ. ಅವನು ಕೊನೆಯ ಸಲ ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು 2012ರ ವಿಂಬಲ್ಡನ್. ಈಗ ವಯಸ್ಸು 35, ಸೀಡ್ 17, ಅಂದರೆ ಟೂರ್ನಿಯ ಪಟ್ಟಿಯಲ್ಲಿ ಅವನಿಗಿಂತ ಮೇಲೆ ಹದಿನಾರು ಜನ. ಮೆಲ್ಬರ್ನ್‌ಗೆ ಹೊರಟಾಗ ನನ್ನಂಥ ಭಕ್ತರ ಆಸೆ ಇಷ್ಟೇ: ಕ್ವಾರ್ಟರ್‌ಫೈನಲ್ ತನಕ ಹೋಗಲಿ, ಮರ್ಯಾದೆಯಾಗಿ ಸೋಲಲಿ.

ಅಪ್ಪ ಸ್ಪೇನ್‌ನ ರಾಫೆಲ್ ನಡಾಲ್ ಕಡೆ. ಅವರು ನಡಾಲ್ ಅನ್ನೋದಿಲ್ಲ, "ನಮ್ಮ ಎಡಚ" ಅಂತಾರೆ. ನಮ್ಮಪ್ಪ ಹುಟ್ಟು ಎಡಚರು. ಶಾಲೆಯಲ್ಲಿ ಮೇಷ್ಟ್ರು ಹೊಡೆದೂ ಹೊಡೆದೂ ಬಲಗೈಯಲ್ಲಿ ಬರೆಯೋದು ಕಲಿಸಿದ್ದರಂತೆ. ಪಾಪ, ನಡಾಲ್ ಹುಟ್ಟಾ ಬಲಗೈಯವನು, ಟೆನಿಸ್‌ಗೆ ಮಾತ್ರ ಎಡಗೈ ಅಂತ ನಾನು ಅವರಿಗೆ ಹೇಳಲು ಹೋಗಿಲ್ಲ. ಎಡಚನ ಗತಿಯೂ ಆ ವರ್ಷ ಚೆನ್ನಾಗಿರಲಿಲ್ಲ. ಮಣಿಕಟ್ಟಿನ ನೋವಿಂದ ವರ್ಷ ಮುಗಿಯುವ ಮೊದಲೇ ಆಟ ನಿಲ್ಲಿಸಿದ್ದ. ಅಕ್ಟೋಬರ್‌ನಲ್ಲಿ ಅವನ ಊರು ಮನಕೋರ್‌ನಲ್ಲಿ ಅವನ ಟೆನಿಸ್ ಅಕಾಡೆಮಿ ಶುರುವಾದಾಗ ಫೆಡರರ್ ಹೋಗಿದ್ದ. ಒಬ್ಬನಿಗೆ ಮಂಡಿ, ಇನ್ನೊಬ್ಬನಿಗೆ ಮಣಿಕಟ್ಟು. ಇಬ್ಬರೂ ಅಲ್ಲಿನ ಮಕ್ಕಳ ಜೊತೆ ಚೂರು ಆಡಿ ನಕ್ಕು ಬಂದಿದ್ದರು, ಅಷ್ಟೇ.

ಆಮೇಲೆ ಮೂರೇ ತಿಂಗಳಿಗೆ ಆ ಟೂರ್ನಿ ನಡೆಯಿತು. ಎರಡನೇ ಸುತ್ತಿನಲ್ಲಿ ಜೊಕೊವಿಚ್‌ನನ್ನು ಡೆನಿಸ್ ಇಸ್ತೊಮಿನ್ ಹೊರಗೆ ಕಳಿಸಿದ. ಅವನ ರ‍್ಯಾಂಕ್ 117! ನಾಲ್ಕನೇ ಸುತ್ತಿನಲ್ಲಿ ನಂಬರ್ ಒನ್ ಮರ್ರೆಗೆ ಮಿಶಾ ಜ್ವೆರೆವ್ ಮಣ್ಣುಮುಕ್ಕಿಸಿದ. ಫೆಡರರ್ ಬೆರ್ಡಿಕ್‌ನನ್ನು ಒಂದೂವರೆ ತಾಸಿನಲ್ಲಿ ಮಡಚಿಟ್ಟ. ನಿಶಿಕೊರಿ ಎದುರು ಐದು ಸೆಟ್, ಸೆಮಿಯಲ್ಲಿ ತನ್ನ ದೇಶದವನೇ ಆದ ವಾವ್ರಿಂಕಾ ಎದುರು ಮತ್ತೆ ಐದು ಸೆಟ್. ಆ ಸೆಮಿ ಇದ್ದದ್ದು ಗುರುವಾರ, ಜನವರಿ 26. ಶುಕ್ರವಾರಕ್ಕೊಂದು ರಜೆ ಹಾಕಿ ನಾನು ಊರಿಗೆ ಬಂದಿದ್ದೆ. ಅಮ್ಮನನ್ನು ನೋಡೋಕೆ ಅಂತ ಹೇಳಿದ್ದೆ, ಅಮ್ಮನಿಗೆ ನಿಜ ಗೊತ್ತಿತ್ತು. ಶುಕ್ರವಾರ ನಡಾಲ್ ಮತ್ತು ಡಿಮಿಟ್ರೊವ್ ಹತ್ತಿರ ಹತ್ತಿರ ಐದು ಗಂಟೆ ಆಡಿದರು. ಅಪ್ಪ ಸಂಜೆಯ ವಾಕಿಂಗ್ ಬಿಟ್ಟು ನೋಡಿದರು. ಹೆಂಗಸರ ಫೈನಲ್‌ಗೆ ಬಂದವರು ವೀನಸ್ ಮತ್ತು ಸೆರೆನಾ, ಅಕ್ಕ ತಂಗಿ. ಎರಡೂ ಫೈನಲ್ ಸೇರಿಸಿ ನಾಲ್ವರಲ್ಲಿ ಒಬ್ಬರೂ ಮೂವತ್ತರೊಳಗಿನವರಿಲ್ಲ. ಹದಿನೈದು ವರ್ಷ ಹಿಂದಿನ ಪೇಪರ್ ಯಾರೋ ಮನೆಗೆ ಹಾಕಿ ಹೋದ ಹಾಗಿತ್ತು.

ಈಗ ಭಾನುವಾರ. ಮ್ಯಾಚು ನಮ್ಮ ಮಧ್ಯಾಹ್ನ ಎರಡಕ್ಕೆ. ನನ್ನ ಬಸ್ಸು ಸಂಜೆ ಆರಕ್ಕೆ. ಮೂರು ಸೆಟ್‌ನಲ್ಲಿ ಮುಗಿದರೆ ಕಾಫಿ ಕುಡಿದು ಹೊರಡಬಹುದು ಅಂತ ಲೆಕ್ಕ. ಇವರಿಬ್ಬರು ಯಾವತ್ತು ಲೆಕ್ಕಕ್ಕೆ ಸಿಕ್ಕಿದ್ದಾರೆ?

ನಿಜ ಹೇಳಬೇಕಂದರೆ ನನಗೆ ಭಯವಿತ್ತು. ಇವರಿಬ್ಬರ ಮಧ್ಯೆ ಅಲ್ಲಿವರೆಗೆ ನಡಾಲ್ 23 ಗೆದ್ದಿದ್ದ, ಫೆಡರರ್ 11. ಗ್ರ್ಯಾಂಡ್‌ಸ್ಲಾಮ್‌ನಲ್ಲಿ ಫೆಡರರ್ ಅವನನ್ನು ಕೊನೆಯ ಸಲ ಸೋಲಿಸಿದ್ದು 2007ರಲ್ಲಿ. ಕಾರಣ ಎಲ್ಲರಿಗೂ ಗೊತ್ತಿರೋದೇ. ನಡಾಲ್‌ನ ಎಡಗೈ ಫೋರ್‌ಹ್ಯಾಂಡ್ ವಿಪರೀತ ಸುತ್ತಿಕೊಂಡು ಬರುತ್ತಿತ್ತು. ನೆಲ ಮುಟ್ಟಿದ ಚೆಂಡು ಪುಟಿದು ಫೆಡರರ್‌ನ ಭುಜದ ಎತ್ತರಕ್ಕೆ, ಅದೂ ಬ್ಯಾಕ್‌ಹ್ಯಾಂಡ್ ಕಡೆಗೇ ಏರುತ್ತಿತ್ತು. ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಆಡುವವನಿಗೆ ಅಷ್ಟು ಎತ್ತರದ ಚೆಂಡಿಗೆ ಬಲ ಹಾಕೋದು ಕಷ್ಟ. ಹಿಂದೆ ಸರಿದು, ಚೆಂಡಿನ ತಳ ಕೊಯ್ದ ಹಾಗೆ ಸ್ಲೈಸ್ ಮಾಡಿ ಬದುಕಿಕೊಳ್ಳಬೇಕು. ಹತ್ತು ವರ್ಷ ನಾನು ನೋಡಿದ್ದು ಅದನ್ನೇ. ಅಟ್ಟದ ಮೇಲಿನ ಡಬ್ಬ ಒಂದೇ ಕೈಯಲ್ಲಿ ಇಳಿಸೋಕೆ ಹೋಗಿ ಒದ್ದಾಡುವವರ ಹಾಗೆ.

ಅವತ್ತು ಮಾತ್ರ ಅವನು ಹಿಂದೆ ಸರಿಯಲಿಲ್ಲ. ಅಂಗಳದ ಹಿಂದಿನ ಗೆರೆಗೆ, ಬೇಸ್‌ಲೈನ್‌ಗೆ, ಅಂಟಿಕೊಂಡು ನಿಂತ. ಚೆಂಡು ಭುಜದ ತನಕ ಏರುವ ಮೊದಲೇ, ಸೊಂಟದ ಹತ್ತಿರ ಇರುವಾಗಲೇ, ಚಪ್ಪಟೆಯಾಗಿ ಬಾರಿಸಿದ. ಸ್ಲೈಸ್ ಕಮ್ಮಿ ಮಾಡಿದ್ದ. ಕೈಯಲ್ಲಿದ್ದದ್ದು ದೊಡ್ಡ ತಲೆಯ ರ‍್ಯಾಕೆಟ್, 97 ಚದರ ಇಂಚಿನದು. ಮೊದಲಿನ 90ರದ್ದನ್ನು ಬಿಟ್ಟು ಮೂರು ವರ್ಷವಾಗಿತ್ತು. ಎರಡನೇ ಸೆಟ್ ಹೊತ್ತಿಗೆ ಅಪ್ಪನೇ ಕೇಳಿದರು, "ಇವನು ಯಾವಾಗಿಂದ ಹೀಗೆ ಹೊಡೆಯೋಕೆ ಶುರು ಮಾಡಿದ್ನೋ?"

6-4, 3-6, 6-1, 3-6. ಎರಡು ಸೆಟ್ ಅವನಿಗೆ, ಎರಡು ಇವನಿಗೆ. ನಾಲ್ಕನೇ ಸೆಟ್ ನಡುವೆ ಗೇಟ್ ಸದ್ದಾಯಿತು. ಆಗಷ್ಟೇ ಪುಷ್ಯ ಕಳೆದು ಮಾಘ ಹುಟ್ಟಿತ್ತು, ಮದುವೆ ಕರೆಯೋರ ಸೀಸನ್. ಚಿಕ್ಕಪ್ಪ ಚಿಕ್ಕಮ್ಮ ಮಗಳ ಮದುವೆ ಕರೆಯೋಕೆ ಬಂದಿದ್ದರು. ಟಿವಿ ಆಫ್ ಮಾಡೋದು ಮರ್ಯಾದೆ. ಅಪ್ಪ ಸೌಂಡ್ ಮಾತ್ರ ಆಫ್ ಮಾಡಿದರು. ಅಮ್ಮ ನಮ್ಮಿಬ್ಬರನ್ನೂ ನೋಡಿದ ನೋಟ ಇನ್ನೂ ನೆನಪಿದೆ. ಚಿಕ್ಕಮ್ಮ ಅಮ್ಮನಿಗೆ ಕುಂಕುಮ ಕೊಟ್ಟರು, ಚಿಕ್ಕಪ್ಪ ಛತ್ರದ ದಾರಿ ಹೇಳೋಕೆ ಶುರು ಮಾಡಿದರು. ನಾನು ತಲೆ ಆಡಿಸ್ತಾ ಅವರ ಭುಜದ ಮೇಲಿಂದ ಸ್ಕೋರ್ ನೋಡ್ತಿದ್ದೆ.

ಐದನೇ ಸೆಟ್‌ಗೆ ಮೊದಲು ಫೆಡರರ್ ಚಿಕಿತ್ಸೆಗೆ ಅಂತ ಎದ್ದು ಒಳಗೆ ಹೋದ. "ನಾಟಕ," ಅಂದರು ಅಪ್ಪ. ಚಿಕ್ಕಪ್ಪ ತಮ್ಮ ಮಾತಿಗೇ ಅಂದುಕೊಂಡು ಗಾಬರಿಯಾದರು. ಅದನ್ನು ಬಿಡಿಸಿ ಹೇಳೋಷ್ಟರಲ್ಲಿ ಎಡಚ ಬ್ರೇಕ್ ಮಾಡಿದ್ದ, ಅಂದರೆ ಫೆಡರರ್ ಸರ್ವ್ ಮಾಡಿದ ಗೇಮನ್ನೇ ಗೆದ್ದಿದ್ದ. ಸ್ವಲ್ಪ ಹೊತ್ತಿಗೆ ಎಡಚ 3-1 ಮುಂದೆ. ನನಗೆ 2009 ಕಣ್ಣಮುಂದೆ ಬಂತು. ಇದೇ ಅಂಗಳ, ಇದೇ ಇಬ್ಬರು, ಅವತ್ತೂ ಐದನೇ ಸೆಟ್. ಸೋತ ಫೆಡರರ್ ಮೈಕ್ ಮುಂದೆ ಮಾತೇ ಹೊರಡದೆ ಅತ್ತಿದ್ದ. ನಾನು ಎದ್ದು ಬ್ಯಾಗ್‌ಗೆ ಬಟ್ಟೆ ತುಂಬೋಕೆ ಹೋದೆ. ಬಸ್ಸಾದರೂ ಸಿಗಲಿ ಅಂತ.

ಒಳಗಿದ್ದಾಗ ಹಾಲ್‌ನಿಂದ ಚಿಕ್ಕಪ್ಪನ ದನಿ. "ಲೇ, ನಿನ್ನ ಬಿಳಿ ಬಟ್ಟೆಯವನು ಮೂರಕ್ಕೆ ಬಂದ ನೋಡೋ!" ಅವತ್ತು ಇಬ್ಬರಲ್ಲಿ ಬಿಳಿ ಅಂಗಿ ತೊಟ್ಟವನು ಅವನೇ. ಛತ್ರದ ದಾರಿ ಅರ್ಧಕ್ಕೇ ನಿಂತಿತ್ತು.

ಫೆಡರರ್ 4-3 ಮುಂದೆ, ನಡಾಲ್ ಸರ್ವ್. 0-40 ಇಂದ ಎಡಚ ಮೂರೂ ಬ್ರೇಕ್ ಪಾಯಿಂಟ್ ಉಳಿಸಿ ಡ್ಯೂಸ್‌ಗೆ, ಅಂದರೆ 40-40ಕ್ಕೆ, ತಂದ. ಆಮೇಲೆ ಬಂತು ಆ ರ‍್ಯಾಲಿ. ಇಪ್ಪತ್ತಾರು ಹೊಡೆತ. ಇಬ್ಬರೂ ಬಿಟ್ಟುಕೊಡ್ತಿಲ್ಲ. ಕೊನೆಗೆ ಫೆಡರರ್ ಫೋರ್‌ಹ್ಯಾಂಡ್ ಗೆರೆಯುದ್ದಕ್ಕೂ ನೇರ ಬಿಟ್ಟ, ನಡಾಲ್‌ಗೆ ಮುಟ್ಟಲೂ ಆಗಲಿಲ್ಲ. ನಾನು ಕೂಗಿದೆ. ವಿಚಿತ್ರ ಅಂದರೆ ಅಪ್ಪನೂ "ಆಹಾ!" ಅಂದುಬಿಟ್ಟರು. ಅಂದು, ತಕ್ಷಣ ನಾಲಿಗೆ ಕಚ್ಚಿಕೊಂಡರು.

ಆ ಗೇಮ್ ಗೆದ್ದು 5-3 ಮಾಡಿದ ಫೆಡರರ್ ಕೊನೆಯ ಗೇಮ್‌ನಲ್ಲೂ ಸುಮ್ನೆ ಮುಗಿಸಲಿಲ್ಲ. 15-40 ಹಿಂದೆ ಬಿದ್ದು, ಅಲ್ಲಿಂದ ಎದ್ದ. ಕೊನೆಯ ಫೋರ್‌ಹ್ಯಾಂಡ್ ಅಡ್ಡಲಾಗಿ ಹೋಗಿ ಗೆರೆ ಹತ್ತಿರ ಬಿತ್ತು. ನಡಾಲ್ ಚಾಲೆಂಜ್ ಮಾಡಿದ. ದೊಡ್ಡ ಪರದೆ ಮೇಲೆ ಚೆಂಡಿನ ನೆರಳು ಗೆರೆಗೆ ತಾಗೋದು ಕಾಣೋ ತನಕ ಹದಿನೈದು ಸಾವಿರ ಜನ ತಲೆ ಎತ್ತಿ ನಿಂತಿದ್ದರು. ಹಾಸನದಲ್ಲಿ ನಾವು ಐದು ಜನ. ಗೆರೆಗೆ ತಾಗಿತ್ತು. ಫೆಡರರ್ ಮಕ್ಕಳ ಥರ ಎಗರಾಡಿದ. ಹದಿನೆಂಟನೇ ಗ್ರ್ಯಾಂಡ್‌ಸ್ಲಾಮ್. 3-1 ಹಿಂದಿದ್ದವನು ಸತತ ಐದು ಗೇಮ್ ಗೆದ್ದಿದ್ದ, ಅದೂ ಯಾರೆದುರು ಯಾವತ್ತೂ ಕೈ ನಡುಗುತ್ತಿತ್ತೋ ಅವನೆದುರು! ಬರೀ ಗೆದ್ದಿದ್ದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ತಿರಲಿಲ್ಲ. ತನ್ನ ಹತ್ತು ವರ್ಷದ ನೋವು ಎಲ್ಲಿತ್ತೋ, ಅದೇ ಬ್ಯಾಕ್‌ಹ್ಯಾಂಡ್‌ನಿಂದಲೇ ಗೆದ್ದ ಅಲ್ವಾ?

ಟ್ರೋಫಿ ಹಿಡಿದು ಅವನು ಹೇಳಿದ, ಟೆನಿಸ್‌ನಲ್ಲಿ ಡ್ರಾ ಅನ್ನೋದು ಇದ್ದಿದ್ದರೆ ಇವತ್ತು ರಾಫಾ ಜೊತೆ ಹಂಚಿಕೊಳ್ಳೋಕೆ ನನಗೆ ಖುಷಿ ಅಂತ. ನಾನು ಅನುವಾದಿಸಿ ಹೇಳಿದೆ. ಅಪ್ಪ, "ಗೆದ್ದ ಮೇಲೆ ಯಾರು ಬೇಕಾದರೂ ಹೇಳ್ತಾರೆ ಬಿಡೋ" ಅಂದರು. ಅಷ್ಟು ಹೇಳಿ ಭಾಷಣ ಮುಗಿಯೋ ತನಕ ಕದಲಲಿಲ್ಲ.

ಬಸ್ಸು ಹೋಯಿತು. ರಾತ್ರಿ ಊಟ ಮಾಡಿ, ಸಿಕ್ಕ ಕೆಂಪು ಬಸ್ಸಿನಲ್ಲಿ ಕೊನೇ ಸೀಟಲ್ಲಿ ಕುಲುಕುತ್ತಾ ಬೆಂಗಳೂರು ಸೇರಿದೆ. ಬೆಳಿಗ್ಗೆ ಆಫೀಸಲ್ಲಿ ಕಣ್ಣು ಕೆಂಪಾಗಿರೋದು ನೋಡಿ ಯಾಕೆ ಅಂತ ಕೇಳಿದವರಿಗೆಲ್ಲ ಪೂರ್ತಿ ಐದು ಸೆಟ್ ಹೇಳಿದೆ.

ಜೂನ್‌ನಲ್ಲಿ ಒಂದು ಭಾನುವಾರ ರಾತ್ರಿ ಅಪ್ಪನ ಫೋನ್ ಬಂತು. ಪ್ಯಾರಿಸ್‌ನಲ್ಲಿ ನಡಾಲ್ ವಾವ್ರಿಂಕಾನನ್ನು ಮೂರೇ ಸೆಟ್‌ನಲ್ಲಿ ಮುಗಿಸಿ ಫ್ರೆಂಚ್ ಓಪನ್ ಗೆದ್ದಿದ್ದ. ಹಲೋ ಇಲ್ಲ, ಊಟ ಆಯ್ತಾ ಅಂತಲೂ ಇಲ್ಲ.

"ಹತ್ತನೇದು ಕಣೋ," ಅಂದು ಫೋನಿಟ್ಟರು.